ಫ್ಲ್ಯಾಶ್ ಮಿಂಚಿಸಲು ತಂತಿಯೋ, ಬೆಳಕೋ, ರೇಡಿಯೋವೋ?

ಕುಮಟೆಯಲ್ಲಿರುವ ಅಕ್ಕನ ಮಗ ಹೊಸದಾಗಿ ಫ್ಲ್ಯಾಶ್ ಕೊಂಡಿದ್ದಾನೆ. "ಮಾವ, ಇದನ್ನು ಕ್ಯಾಮೆರಾದಿಂದ ಕೆಳಗಿಳಿಸಿ ಬಳಸಬೇಕೆಂದು ನೀವು ಹೇಳುತ್ತೀರಿ. ಇಳಿಸಿದ ಮೇಲೆ ಅದು ಮಿಂಚುವುದು ಹೇಗೆ?" ಎಂದು ಕೇಳಿದ. ಫೋನಿನಲ್ಲಿ ಮುಗಿಯುವ ಉತ್ತರವಲ್ಲ. ಹತ್ತು ವರ್ಷಗಳಿಂದ ಶಿರಸಿಯ ತೋಟಗಳಲ್ಲಿ, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗಳಲ್ಲಿ, ಕಾರವಾರದ ಮರಳಿನಲ್ಲಿ ನಾಲ್ಕೂ ದಾರಿಗಳನ್ನು ಬಳಸಿ ನೋಡಿದ್ದೇನೆ. ನಾಲ್ಕರಲ್ಲಿ ಒಂದು ಮೇಲು ಎಂದು ಕಣ್ಣುಮುಚ್ಚಿ ಹೇಳಲಾರೆ. ಯಾವುದು ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಕೊಟ್ಟಿತು ಎಂದು ಹೇಳಬಲ್ಲೆ.

ಮೊದಲನೆಯದು ತಂತಿ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ, ಅಂದರೆ ಹಾಟ್ ಶೂಗೆ ಒಂದು ತುದಿ, ಫ್ಲ್ಯಾಶಿಗೆ ಇನ್ನೊಂದು ತುದಿ. ಎರಡನೆಯದು ಆಪ್ಟಿಕಲ್ ಸ್ಲೇವ್: ಬೇರೊಂದು ಫ್ಲ್ಯಾಶ್ ಮಿಂಚಿದ್ದನ್ನು ಕಂಡು ನಮ್ಮ ಫ್ಲ್ಯಾಶ್ ತಾನೂ ಮಿಂಚುತ್ತದೆ. ಬಹಳಷ್ಟು ಫ್ಲ್ಯಾಶ್‌ಗಳಲ್ಲಿ ಇದಕ್ಕೆ ಎಸ್1, ಎಸ್2 ಎಂಬ ಎರಡು ಸ್ಥಿತಿಗಳಿರುತ್ತವೆ. ಎಸ್1 ಮೊದಲ ಮಿಂಚಿಗೇ ಹೊತ್ತಿಕೊಳ್ಳುತ್ತದೆ. ಬೆಳಕು ಅಳೆಯಲು ಕ್ಯಾಮೆರಾ ಮುಂಚಿತವಾಗಿ ಬಿಡುವ ಸಣ್ಣ ಮಿಂಚನ್ನು ಎಸ್2 ಲೆಕ್ಕಕ್ಕೆ ಹಿಡಿಯದೆ, ನಿಜವಾದ ಮಿಂಚಿಗಾಗಿ ಕಾಯುತ್ತದೆ. ಮೂರನೆಯದು ಕಮಾಂಡರ್ ಪದ್ಧತಿ. ಕ್ಯಾಮೆರಾದ ಪುಟ್ಟ ಪಾಪ್-ಅಪ್ ಫ್ಲ್ಯಾಶ್ ಬೆಳಕಿನ ಮಿಡಿತಗಳ ಮೂಲಕ ದೂರದ ಫ್ಲ್ಯಾಶಿಗೆ ಆಜ್ಞೆ ಕೊಡುತ್ತದೆ. ಎಷ್ಟು ಬೆಳಕು ಬೇಕೆಂಬುದನ್ನೂ ತಿಳಿಸುತ್ತದೆ. ನಿಕಾನ್ ಇಂಥದ್ದನ್ನು 2003ರಲ್ಲಿ ಎಸ್‌ಬಿ-800 ಫ್ಲ್ಯಾಶಿನೊಂದಿಗೆ ತಂದಿತು. ನಾಲ್ಕನೆಯದು ರೇಡಿಯೋ. ಕ್ಯಾನನ್ 2012ರಲ್ಲಿ, ನಿಕಾನ್ 2016ರಲ್ಲಿ ತಮ್ಮ ಫ್ಲ್ಯಾಶಿನೊಳಗೇ ರೇಡಿಯೋ ಕೂರಿಸಿದವು. ಅದಕ್ಕೂ ಮೊದಲಿನಿಂದಲೇ ಬೇರೆ ಕಂಪನಿಗಳ ಬಿಡಿ ಟ್ರಿಗರ್‌ಗಳು, ಅಂದರೆ ಫ್ಲ್ಯಾಶಿಗೆ ಮಿಂಚಲು ಸಂದೇಶ ಕಳಿಸುವ ಸಾಧನಗಳು, ಮಾರುಕಟ್ಟೆಯಲ್ಲಿದ್ದವು. ಇಂದು ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಅಲೆಯಲ್ಲಿ ಕೆಲಸ ಮಾಡುತ್ತವೆ.

ನನ್ನ ಚೀಲದಲ್ಲಿ ಎರಡು ಫ್ಲ್ಯಾಶ್‌ಗಳಿವೆ. ಒಂದು ಕ್ಯಾಮೆರಾ ಕಂಪನಿಯದೇ, ಇನ್ನೊಂದು ಕಡಿಮೆ ಬೆಲೆಯ ಮ್ಯಾನುಯಲ್, ಅಂದರೆ ಬೆಳಕಿನ ಪ್ರಮಾಣವನ್ನು ಕೈಯಿಂದಲೇ ನಿಗದಿ ಮಾಡಬೇಕಾದದ್ದು. ಹೋಲಿಸುತ್ತಿರುವುದು ದಾರಿಗಳನ್ನೇ ಹೊರತು ಕಂಪನಿಗಳನ್ನಲ್ಲ.

ಚೌಕಿಯಿಂದ ಆರಂಭಿಸುತ್ತೇನೆ, ಏಕೆಂದರೆ ನಾನು ಕಲಿತದ್ದೆಲ್ಲ ಅಲ್ಲಿಯೇ. ರಾತ್ರಿ ಎಂಟರ ಹೊತ್ತಿಗೆ ಕಲಾವಿದರು ಸಾಲಾಗಿ ಕುಳಿತು, ಕೈಯಲ್ಲೊಂದು ಅಂಗೈಯಗಲದ ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿ ವೇಷದ ಪೆಟ್ಟಿಗೆಗಳು, ನಡುವೆ ಒಂದು ಕಾಲಿಡುವಷ್ಟು ಜಾಗ. ಫ್ಲ್ಯಾಶನ್ನು ಕ್ಯಾಮೆರಾದ ಮೇಲೆಯೇ ಇಟ್ಟು ಹೊಡೆದರೆ ಮುಖದ ಬಣ್ಣವೆಲ್ಲ ಚಪ್ಪಟೆಯಾಗುತ್ತದೆ. ಎದೆಪದಕ, ಭುಜಕೀರ್ತಿಗಳಿಗೆ ಅಂಟಿಸಿದ ಬೇಗಡೆ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. ಅದೇ ಬೆಳಕನ್ನು ಒಂದು ಮಾರು ಎಡಕ್ಕೆ, ತುಸು ಮೇಲಕ್ಕೆ ಇಟ್ಟರೆ ಹುಬ್ಬಿನ ಕಪ್ಪು ಗೆರೆ ಚರ್ಮದಿಂದ ಎದ್ದು ನಿಲ್ಲುತ್ತದೆ, ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಒಂದೊಂದು ಸುತ್ತಿಗೂ ಅದರದೇ ನೆರಳು ಸಿಗುತ್ತದೆ. ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. (ಆಟ ಶುರುವಾದ ಮೇಲೆ ರಂಗಸ್ಥಳದತ್ತ ನಾನು ಫ್ಲ್ಯಾಶ್ ಹೊಡೆಯುವುದೇ ಇಲ್ಲ. ಕುಣಿಯುವವರ ಕಣ್ಣಿಗೆ ಬೆಳಕು ಚುಚ್ಚುವುದು ತಪ್ಪು. ಚೌಕಿಯಲ್ಲಿಯೂ ಕೇಳಿಕೊಂಡೇ ಒಳಗೆ ಹೋಗುತ್ತೇನೆ.)

ಶಾಲೆಯ ಕೊಠಡಿಯೇ ಚೌಕಿಯಾಗಿದ್ದ ದಿನಗಳಲ್ಲಿ ಕಮಾಂಡರ್ ಪದ್ಧತಿ ಒಮ್ಮೆಯೂ ತಪ್ಪಲಿಲ್ಲ. ಸುಣ್ಣ ಬಳಿದ ನಾಲ್ಕು ಗೋಡೆಗಳಿದ್ದರೆ ಆಜ್ಞೆಯ ಬೆಳಕು ಎಲ್ಲಿಗೆ ತಗುಲಿದರೂ ಪುಟಿದು ಫ್ಲ್ಯಾಶನ್ನು ಮುಟ್ಟುತ್ತದೆ. ಬೇರೆ ಸಾಧನ ಕೊಳ್ಳದೆ, ಒಂದು ಬ್ಯಾಟರಿಯನ್ನೂ ಹೆಚ್ಚಿಗೆ ಹೊರದೆ ಕೆಲಸ ಆಗುತ್ತದೆ. ಆದರೆ ಎರಡು ತೊಂದರೆಗಳು ಕಂಡವು. ನಿಜವಾದ ಮಿಂಚಿಗಿಂತ ಮೊದಲು ಬರುವ ಮಿಡಿತಗಳಿಗೆ ಕೆಲವರ ರೆಪ್ಪೆ ಮುಚ್ಚಿಹೋಗುತ್ತದೆ; ಕಣ್ಣಿಗೆ ಕಾಡಿಗೆ ಎಳೆದುಕೊಳ್ಳುತ್ತಿರುವವರ ಚಿತ್ರದಲ್ಲಿ ಇದು ದೊಡ್ಡ ನಷ್ಟ. ಇನ್ನೊಂದು, ಸ್ವಯಂಚಾಲಿತ ಅಳತೆ, ಅಂದರೆ ಟಿಟಿಎಲ್. ಚೌಕಟ್ಟಿನೊಳಗೆ ಬೇಗಡೆ ಬಂದರೆ ಬೆಳಕು ಕಡಿಮೆಯಾಗುತ್ತದೆ, ಕಪ್ಪು ಪರದೆ ಬಂದರೆ ಹೆಚ್ಚುತ್ತದೆ. ಒಂದೇ ಮುಖ, ಒಂದೇ ಜಾಗ, ಹತ್ತು ಚಿತ್ರಗಳಲ್ಲಿ ಹತ್ತು ಬಗೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 800, ಲೆನ್ಸಿನ ಬಾಯಿ ಎಫ್4, ಫ್ಲ್ಯಾಶ್ ಪೂರ್ಣ ಶಕ್ತಿಯ 1/32 ಎಂದು ಕೈಯಿಂದಲೇ ನಿಗದಿ ಮಾಡಿಕೊಂಡ ಮೇಲೆ ನೆಮ್ಮದಿಯಾಯಿತು. ಕಲಾವಿದರು ಕುಳಿತ ಜಾಗ ಬಿಟ್ಟು ಏಳುವುದಿಲ್ಲ, ಫ್ಲ್ಯಾಶ್ ಸಹ ಇಟ್ಟಲ್ಲೇ ಇರುತ್ತದೆ. ಹಾಗಿರುವಾಗ ಪ್ರತಿ ಚಿತ್ರಕ್ಕೂ ಹೊಸದಾಗಿ ಅಳೆಯುವ ಅಗತ್ಯವೇ ಇಲ್ಲ.

ಕೊಯ್ಲಾದ ಗದ್ದೆಯಲ್ಲಿ ನೀಲಿ ತಾಡಪಾಲು ಕಟ್ಟಿದ ಚೌಕಿಗೆ ಹೋದಾಗ ಲೆಕ್ಕ ಬದಲಾಯಿತು. ಗೋಡೆ ಇಲ್ಲ, ಪುಟಿಯಲು ಏನೂ ಇಲ್ಲ. ಪೆಟ್ಟಿಗೆಗಳ ಆಚೆ ಸ್ಟ್ಯಾಂಡ್ ನಿಲ್ಲಿಸಿದ್ದೆ. ನಡುವೆ ಯಾರಾದರೂ ಎದ್ದು ನಿಂತು ಕಚ್ಚೆ ಉಡತೊಡಗಿದರೆ ಫ್ಲ್ಯಾಶಿಗೆ ಆಜ್ಞೆ ಕಾಣಿಸುತ್ತಿರಲಿಲ್ಲ. ಮೇಲಕ್ಕೆ ತಿರುಗಿಸಿ ಹೊಡೆದರೆ ತಾಡಪಾಲಿನ ನೀಲಿಯೆಲ್ಲ ಮುಖಕ್ಕೆ ಇಳಿದು, ಹಳದಿ-ಕೆಂಪು ಬಣ್ಣ ಹಚ್ಚಿದ ವೇಷಕ್ಕೆ ಜ್ವರ ಬಂದಂತೆ ಕಾಣುತ್ತಿತ್ತು. ಅಂದು ಕೈಹಿಡಿದದ್ದು ರೇಡಿಯೋ. ಮನುಷ್ಯನ ಮೈ 2.4 ಗಿಗಾಹರ್ಟ್ಸ್ ಅಲೆಯನ್ನು ಹೀರುವುದು ನಿಜವಾದರೂ ಐದಾರು ಮೀಟರಿನ ಅಂತರದಲ್ಲಿ ಅದು ಅಡ್ಡಿಯಾಗಲಿಲ್ಲ. ಪುಟ್ಟ ಬಿಳಿ ಕೊಡೆಯೊಳಗಿಂದ ನೇರ ಬೆಳಕು ಕೊಟ್ಟು, ಬಲ್ಬಿನ ಹಳದಿಗೆ ಹೊಂದಲೆಂದು ಫ್ಲ್ಯಾಶಿನ ಬಾಯಿಗೆ ತೆಳು ಕಿತ್ತಳೆ ಹಾಳೆ ಅಂಟಿಸಿದೆ.

ಆ ರಾತ್ರಿ ಅರ್ಥವಾದದ್ದು ಇನ್ನೊಂದಿದೆ. ನನ್ನ ಬಳಿ ಎರಡು ಬಗೆಯ ರೇಡಿಯೋ ಟ್ರಿಗರ್‌ಗಳಿದ್ದವು. ಅಗ್ಗದ್ದು "ಈಗ ಮಿಂಚು" ಎಂದಷ್ಟೇ ಹೇಳುತ್ತದೆ. ಬೆಳಕು ಹೆಚ್ಚು-ಕಡಿಮೆ ಮಾಡಬೇಕೆಂದರೆ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಫ್ಲ್ಯಾಶಿನ ಗುಂಡಿಯನ್ನೇ ಒತ್ತಬೇಕು. ತೆರೆದ ಕಿರೀಟ, ಹಸಿ ಬಣ್ಣದ ತಟ್ಟೆ, ಮಡಿಸಿಟ್ಟ ದಗಲೆಗಳನ್ನು ದಾಟಿಕೊಂಡು ಹಾಗೆ ಓಡಾಡುವುದು ಸರಿಯಲ್ಲ. ಎರಡನೆಯದರಲ್ಲಿ ಫ್ಲ್ಯಾಶ್‌ಗಳನ್ನು ಗುಂಪುಗಳಾಗಿ ವಿಂಗಡಿಸಿ ದೂರದಿಂದಲೇ ತಿದ್ದಬಹುದು, ಕ್ಯಾಮೆರಾದ ಮೇಲಿನ ಚಕ್ರ ತಿರುಗಿಸಿದರೆ ಅಲ್ಲಿ 1/32 ಇದ್ದದ್ದು 1/16 ಆಗುತ್ತದೆ. ಅಂಗಡಿಯವರು ಟಿಟಿಎಲ್ ಇದೆ, ನೂರು ಮೀಟರ್ ದೂರ ಹೋಗುತ್ತದೆ ಎಂದು ಹೊಗಳುತ್ತಾರೆ. ನನ್ನ ಮಟ್ಟಿಗೆ ಹಣ ಕೊಡಬೇಕಾದದ್ದು ನಿಂತಲ್ಲಿಂದಲೇ ಬೆಳಕು ತಿದ್ದುವ ಈ ಒಂದು ಅನುಕೂಲಕ್ಕೆ.

ಮದುವೆ ಮಂಟಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸ್1ರಲ್ಲಿ ಇಟ್ಟ ನನ್ನ ಫ್ಲ್ಯಾಶ್ ಉಳಿದ ಛಾಯಾಗ್ರಾಹಕರ ಮಿಂಚಿಗೆಲ್ಲ ಮಿಂಚಿ, ಧಾರೆ ಎರೆಯುವ ಹೊತ್ತಿಗೆ ಸೆಲ್ ಖಾಲಿ ಮಾಡಿಕೊಂಡಿತ್ತು. ಎಸ್2 ಸಹ ಅಪರಿಚಿತರ ಮಿಂಚನ್ನು ತಡೆಯಲಾರದು. ಜನ ಸೇರಿ ಚಿತ್ರ ತೆಗೆಯುವ ಕಡೆ ಆಪ್ಟಿಕಲ್ ಸ್ಲೇವ್ ಬೇಡವೇ ಬೇಡ. ರೇಡಿಯೋದಲ್ಲಿ ಇನ್ನೊಬ್ಬರ ಚಾನೆಲ್ ನಮ್ಮದಕ್ಕೆ ತಾಳೆಯಾದರೂ ಬದಲಿಸಿಕೊಳ್ಳಬಹುದು.

ಕಾರವಾರದ ಕಡಲದಂಡೆಯಲ್ಲಿ ಎದುರಾಳಿ ಬಿಸಿಲು. ಮಾಜಾಳಿಯ ಮರಳಿನ ಮೇಲೆ ಕುಳಿತು ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರ ಚಿತ್ರ ತೆಗೆಯಬೇಕಿತ್ತು. ಹೊತ್ತು ಹನ್ನೊಂದು ದಾಟಿತ್ತು. ತಲೆಗೆ ಕಟ್ಟಿದ ಬಟ್ಟೆಯ ನೆರಳು ಕಣ್ಣುಗಳನ್ನು ನುಂಗಿಬಿಟ್ಟಿತ್ತು, ಅದನ್ನು ತುಂಬಲು ಫ್ಲ್ಯಾಶ್ ಬೇಕೇ ಬೇಕು. ಅಂಥ ಬಿಸಿಲಿನಲ್ಲಿ ಐಎಸ್‌ಒ 100, ಶಟರ್ ಸೆಕೆಂಡಿನ 1/250 ಇಟ್ಟರೆ ಎಫ್11ರ ಸುತ್ತ ನಿಲ್ಲಬೇಕಾಗುತ್ತದೆ. ಕಮಾಂಡರ್ ಪದ್ಧತಿಯ ಮಿಡಿತಗಳು ಆ ಬೆಳಕಿನಲ್ಲಿ ಕಳೆದುಹೋದವು. ಫ್ಲ್ಯಾಶಿನ ಸಂವೇದಕದ ಕಿಟಕಿಯನ್ನು ನನ್ನತ್ತ ತಿರುಗಿಸಿ, ಅದಕ್ಕೆ ಅಂಗೈಯಿಂದ ನೆರಳು ಮಾಡಿ, ಎರಡು ಮೀಟರ್ ಹತ್ತಿರಕ್ಕೆ ಬಂದರೂ ಅರ್ಧಕ್ಕರ್ಧ ಸಲ ಮಾತ್ರ ಮಿಂಚಿತು. ಕೆಲಸ ಬಿಟ್ಟು ಕುಳಿತ ವ್ಯಕ್ತಿಯ ಮುಂದೆ ಹೀಗೆ ಒದ್ದಾಡುವಾಗ ಆಗುವ ಸಂಕೋಚ ನನಗೆ ಇನ್ನೂ ನೆನಪಿದೆ.

ಅಗ್ಗದ ರೇಡಿಯೋ ಟ್ರಿಗರ್ ಪ್ರತಿ ಸಲವೂ ಮಿಂಚಿಸಿತು. ಆದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ! ಸಂದೇಶ ತಲುಪುವುದರಲ್ಲಿ ಕೂದಲೆಳೆಯಷ್ಟು ತಡವಾದರೂ, 1/250ರಲ್ಲಿ ಶಟರನ್ನು ಮುಚ್ಚುವ ಎರಡನೆಯ ಪರದೆ ಅಷ್ಟರಲ್ಲಿ ಹೊರಟುಬಿಟ್ಟಿರುತ್ತದೆ. 1/160ಕ್ಕೆ ಇಳಿಸಿದಾಗ ಪಟ್ಟಿ ಹೋಯಿತು. ಅದಕ್ಕೆ ತಕ್ಕಂತೆ ಲೆನ್ಸಿನ ಬಾಯಿ ಇನ್ನೂ ಕಿರಿದು ಮಾಡಿ ಎಫ್13ರ ಆಸುಪಾಸಿಗೆ ಹೋಗಬೇಕಾಯಿತು. ಹಿಂದಿದ್ದ ದೋಣಿ, ಪ್ಲಾಸ್ಟಿಕ್ ಬುಟ್ಟಿ, ಬೀಡಾಡಿ ನಾಯಿ ಎಲ್ಲವೂ ಸ್ಪಷ್ಟವಾಗಿ ಮೂಡಿ ಮುಖದೊಂದಿಗೆ ಜಗಳಕ್ಕೆ ನಿಂತವು.

ಇದಕ್ಕೆ ಪರಿಹಾರ ಹೈ ಸ್ಪೀಡ್ ಸಿಂಕ್. ಶಟರಿನ ಎರಡು ಪರದೆಗಳ ನಡುವಿನ ಸೀಳು ಚಿತ್ರದ ಮೇಲೆ ಸರಿಯುವಷ್ಟು ಹೊತ್ತೂ ಫ್ಲ್ಯಾಶ್ ಒಂದೇ ಸಮನೆ ಮಿಡಿಯುತ್ತಿರುತ್ತದೆ, ಹಾಗಾಗಿ 1/2000, ಎಫ್4 ಸಾಧ್ಯ. ಹಿನ್ನೆಲೆ ಕರಗಿತು, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಮೂಡಿತು. ಇಲ್ಲಿ ಕೊಳ್ಳುವವರು ಗಮನಿಸಬೇಕಾದ ಒಂದು ವಿಷಯವಿದೆ: ಗೋಡಾಕ್ಸ್ ಟಿಟಿ600ನಂಥ ಸರಳ ಮ್ಯಾನುಯಲ್ ಫ್ಲ್ಯಾಶ್ ಕೂಡ ಅದೇ ಕಂಪನಿಯ ರೇಡಿಯೋ ಟ್ರಿಗರಿನೊಂದಿಗೆ ಹೈ ಸ್ಪೀಡ್ ಸಿಂಕ್ ಮಾಡುತ್ತದೆ, ಕ್ಯಾಮೆರಾದ ತಲೆಯ ಮೇಲೆ ಕೂರಿಸಿದರೆ ಮಾಡುವುದಿಲ್ಲ. ಹೈ ಸ್ಪೀಡ್ ಸಿಂಕ್‌ಗೆ ತೆರುವ ಬೆಲೆ ಫ್ಲ್ಯಾಶಿನ ಶಕ್ತಿ. ಮಿಡಿತಗಳಾಗಿ ಹಂಚಿಹೋದ ಬೆಳಕು ಬಹಳ ಕುಗ್ಗುತ್ತದೆ. ಕೊಡೆ ತೆಗೆದು ಫ್ಲ್ಯಾಶನ್ನು ಒಂದು ತೋಳಿನಷ್ಟು ಹತ್ತಿರ ತಂದೆ. ಹೇಗಿದ್ದರೂ ಕಡಲ ಗಾಳಿಗೆ ಕೊಡೆ ಹಾಯಿಯಂತೆ ಉಬ್ಬಿ ಸ್ಟ್ಯಾಂಡನ್ನು ಎಳೆಯುತ್ತಿತ್ತು. ಆ ಹಿರಿಯರೇ ಎದ್ದು ಬಂದು ಅದನ್ನು ದೋಣಿಯ ಅಂಚಿಗೆ ಹಗ್ಗದಿಂದ ಬಿಗಿದು ಕೊಟ್ಟರು.

ಹತ್ತಿರ ತಂದ ಕೂಡಲೇ ಹೊಸ ತಕರಾರು: ಐದು ಮೀಟರಿನಲ್ಲಿ ತಪ್ಪದ ರೇಡಿಯೋ ಒಂದು ಮೀಟರಿನಲ್ಲಿ ತಪ್ಪತೊಡಗಿತು. ಕೆಲವು ಟ್ರಿಗರ್‌ಗಳಲ್ಲಿ ದೂರಕ್ಕೆ ಎರಡು ಆಯ್ಕೆಗಳಿರುತ್ತವೆ, 1ರಿಂದ 100 ಮೀಟರ್ ಮತ್ತು 0ಯಿಂದ 30 ಮೀಟರ್. ನನ್ನದು ಮೊದಲನೆಯದರಲ್ಲಿತ್ತು. ತೀರ ಹತ್ತಿರದಲ್ಲಿ ಬಲವಾದ ಅಲೆ ರಿಸೀವರಿನ ಕಿವಿ ಕಿವುಡು ಮಾಡಿದಂತೆ ಆಗುತ್ತದೆ. ಎರಡನೆಯದಕ್ಕೆ ಬದಲಿಸಿದೆ, ಸರಿಹೋಯಿತು. ಅಕ್ಕನ ಮಗನಿಗೆ ಇದನ್ನು ಒತ್ತಿ ಹೇಳಿದ್ದೇನೆ, ಏಕೆಂದರೆ ಇದು ಗೊತ್ತಿಲ್ಲದವರು ಟ್ರಿಗರ್ ಕೆಟ್ಟಿದೆಯೆಂದು ಅಂಗಡಿಗೆ ಮರಳಿಸುತ್ತಾರೆ.

ಇನ್ನು ಮಳೆಗಾಲದ ರಾತ್ರಿ. ಶಿರಸಿಯ ಸೀಮೆಯಲ್ಲಿ ಜೂನ್ ಬಂತೆಂದರೆ ಅಡಿಕೆ ತೋಟದ ಬಸಿಗಾಲುವೆಗಳಲ್ಲಿ ಕಪ್ಪೆಗಳ ಗದ್ದಲ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲಕ್ಕೆ ಬಾಗಿದ ಎಲೆಗೆ ನೊರೆಯ ಗೂಡು ಕಟ್ಟುವುದನ್ನು ನೋಡಲು ಕಾಲಿಗೆ ಉಂಬಳ ಹತ್ತಿಸಿಕೊಂಡು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ. ಈ ಕೆಲಸದಲ್ಲಿ ಕಪ್ಪೆಗೂ ಲೆನ್ಸಿಗೂ ನಡುವೆ ಒಂದು ಗೇಣು ಅಂತರ, ಎಫ್11, ಫ್ಲ್ಯಾಶ್ 1/16. ಕಮಾಂಡರ್ ಪದ್ಧತಿ ಇಲ್ಲಿ ಪೂರ್ತಿ ಸೋತಿತು. ಪಾಪ್-ಅಪ್ ಫ್ಲ್ಯಾಶಿನ ಬೆಳಕಿಗೆ ಉದ್ದನೆಯ ಮ್ಯಾಕ್ರೋ ಲೆನ್ಸೇ ಅಡ್ಡ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ಮಿಡಿತ ಲೆನ್ಸಿನ ಮುಂದೆ ಬೀಳುವ ಹನಿಗಳನ್ನು ಬೆಳಗಿಸಿ ಚಿತ್ರದ ತುಂಬ ಬಿಳಿ ಮಬ್ಬು ಚುಕ್ಕೆಗಳನ್ನು ಚೆಲ್ಲುತ್ತದೆ. ಇಂಥ ಸೋರಿಕೆ ತಡೆಯಲೆಂದೇ ನಿಕಾನ್ ಎಸ್‌ಜಿ-3ಐಆರ್ ಎಂಬ ಇನ್‌ಫ್ರಾರೆಡ್ ಫಲಕವನ್ನು ಮಾಡಿದೆ, ನಾನದನ್ನು ಬಳಸಿಲ್ಲ.

ರೇಡಿಯೋ ಚೆನ್ನಾಗಿಯೇ ನಡೆಯಿತು. ಆದರೂ ಮಳೆಯ ರಾತ್ರಿಗೆ ನನ್ನ ಆಯ್ಕೆ ಎಲ್ಲಕ್ಕಿಂತ ಹಳೆಯ ದಾರಿ, ಸುರುಳಿ ತಂತಿ. ಎಡಗೈಯಲ್ಲಿ ಫ್ಲ್ಯಾಶ್, ಅದರ ಬಾಯಿಗೆ ತೆಳು ಬಿಳಿ ಪ್ಲಾಸ್ಟಿಕ್ ಹಾಳೆ, ಬಲಗೈಯಲ್ಲಿ ಕ್ಯಾಮೆರಾ. ಕೈ ಚಾಚಿದಷ್ಟು ದೂರ ಹೋದರೆ ಇಲ್ಲಿ ಸಾಕು. ಚಾನೆಲ್ ಇಲ್ಲ, ನಿದ್ದೆಗೆ ಜಾರುವ ರಿಸೀವರ್ ಇಲ್ಲ, ಕತ್ತಲಲ್ಲಿ ಹುಡುಕಬೇಕಾದ ಸಣ್ಣ ಗುಂಡಿಗಳಿಲ್ಲ. ನೆನೆಯಬಾರದ ವಸ್ತುಗಳಲ್ಲಿಯೂ ಒಂದು ಕಡಿಮೆ. ಕಪ್ಪೆ ತಲೆ ತಿರುಗಿಸಿದರೆ ನನ್ನ ಕೈಯೂ ಅದರೊಂದಿಗೆ ತಿರುಗುತ್ತದೆ. ಯಾವ ಸ್ಟ್ಯಾಂಡಿಗೂ ಅದು ಆಗದು. ಒಂದು ಕಪ್ಪೆಗೆ ಐದಾರು ಮಿಂಚಿಗಿಂತ ಹೆಚ್ಚು ಹೊಡೆಯುವುದಿಲ್ಲ ಎಂಬುದು ನಾನೇ ಹಾಕಿಕೊಂಡ ಕಟ್ಟಳೆ.

ತಂತಿಯ ಮಾತು ಬಂದಾಗ ಒಂದು ಎಚ್ಚರಿಕೆ. ಮನೆಯ ಅಟ್ಟದಲ್ಲಿ ರೀಲು ಕ್ಯಾಮೆರಾ ಕಾಲದ ಹಳೆಯ ಫ್ಲ್ಯಾಶ್ ಸಿಕ್ಕರೆ ಅದನ್ನು ನೇರವಾಗಿ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಬೇಡಿ. ಅಂಥ ಕೆಲವುಗಳ ಟ್ರಿಗರ್ ತುದಿಯಲ್ಲಿ ಇನ್ನೂರು ವೋಲ್ಟಿಗೂ ಹೆಚ್ಚು ಇರುತ್ತದೆ. ಕ್ಯಾಮೆರಾದ ಒಳಗಿನ ಸರ್ಕೀಟು ಸುಟ್ಟುಹೋಗಬಹುದು. ಮೊದಲು ಮಲ್ಟಿಮೀಟರಿನಲ್ಲಿ ಅಳೆಯಿಸಿ.

ಬ್ಯಾಟರಿಯ ಲೆಕ್ಕದಲ್ಲಿ ತಂತಿ ಮತ್ತು ಬೆಳಕಿನ ದಾರಿಗಳು ಗೆಲ್ಲುತ್ತವೆ, ಅವುಗಳಿಗೆ ಫ್ಲ್ಯಾಶಿನ ಸೆಲ್ ಬಿಟ್ಟರೆ ಬೇರೆ ಬೇಡ. ಬಿಡಿ ರೇಡಿಯೋ ಟ್ರಿಗರಿಗೂ ರಿಸೀವರಿಗೂ ಬೇರೆ ಬೇರೆ ಸೆಲ್ ಬೇಕು. ಲಿಥಿಯಂ ಬ್ಯಾಟರಿಯ ಫ್ಲ್ಯಾಶ್ ಬೇಗ ಸಿದ್ಧವಾಗುತ್ತದೆ, ಹೆಚ್ಚು ಹೊತ್ತು ಬರುತ್ತದೆ. ಆದರೆ ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಹಳ್ಳಿಗಳಲ್ಲಿ, ಯಾವ ಕಿರಾಣಿ ಅಂಗಡಿಯಲ್ಲೂ ಸಿಗುವ ಎಎ ಸೆಲ್ ಹಾಕುವ ಫ್ಲ್ಯಾಶನ್ನೇ ನಾನು ಉಳಿಸಿಕೊಂಡಿದ್ದೇನೆ. ಚಾರ್ಜ್ ಆಗುವ ನಾಲ್ಕು ಸೆಲ್‌ಗಳು ಒಳಗೆ, ಇನ್ನು ನಾಲ್ಕು ಜೇಬಿನಲ್ಲಿ.

ಅಕ್ಕನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು: ನಿನ್ನ ಫ್ಲ್ಯಾಶಿಗೆ ಹೊಂದುವ, ದೂರದಿಂದಲೇ ಬೆಳಕು ತಿದ್ದಲು ಬರುವ ಒಂದು ರೇಡಿಯೋ ಟ್ರಿಗರ್ ತೆಗೆದುಕೋ, ಟಿಟಿಎಲ್ ಇಲ್ಲವೆಂದು ಹಿಂಜರಿಯಬೇಡ. ಮಳೆ ಹಿಡಿಯುವುದರೊಳಗೆ ಒಂದು ತಂತಿಯನ್ನೂ ಕೊಂಡುಕೋ. ಕಡಲದಂಡೆಯಿಂದ ಬಂದ ರಾತ್ರಿಯೇ ಹಾಟ್ ಶೂನ ಲೋಹದ ಚುಕ್ಕೆಗಳನ್ನು ಒಣ ಬಟ್ಟೆಯಿಂದ ಒರೆಸಿಡು, ಉಪ್ಪು ಹಿಡಿದರೆ ಯಾವ ದಾರಿಯೂ ಕೆಲಸ ಮಾಡುವುದಿಲ್ಲ. ಮುಂದಿನ ವಾರ ಅವನೇ ಶಿರಸಿಗೆ ಬರುತ್ತಿದ್ದಾನೆ. ಹತ್ತಿರದ ಊರಿನಲ್ಲಿ ಆಟವಿದೆ, ಚೌಕಿಗೆ ಬರಲು ಮೇಳದವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ.