ಹಿಮಾಲಯನ್ 411ಕ್ಕೆ 16 ಹಲ್ಲಿನ ಸ್ಪ್ರಾಕೆಟ್: ಹೆದ್ದಾರಿಯಲ್ಲಿ ಸಿಕ್ಕಿದ್ದೇನು, ಘಾಟಿಯಲ್ಲಿ ಕಳೆದದ್ದೇನು

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಗಾಡಿಗೆ ಕಂಪನಿಯಿಂದ ಬರುತ್ತಿದ್ದ ಮುಂದಿನ ಸ್ಪ್ರಾಕೆಟ್‌ನಲ್ಲಿ 15 ಹಲ್ಲು, ಹಿಂದಿನದರಲ್ಲಿ 38 (ಸ್ಪ್ರಾಕೆಟ್ ಎಂದರೆ ಚೈನು ಕೂರುವ ಹಲ್ಲಿನ ಚಕ್ರ; ಮುಂದಿನದು ಎಂಜಿನ್ ಕಡೆಯದು, ಹಿಂದಿನದು ಹಿಂದಿನ ಚಕ್ರದ್ದು). ಮುಂದಿನದನ್ನು ತೆಗೆಸಿ 16 ಹಲ್ಲಿನದನ್ನು ಹಾಕಿಸಿದರೆ ಹೆದ್ದಾರಿಯಲ್ಲಿ ಎಂಜಿನ್ ಅಷ್ಟೊಂದು ಅರಚುವುದಿಲ್ಲ ಎಂಬ ಮಾತು ಈ ಗಾಡಿ ಇಟ್ಟುಕೊಂಡವರ ನಡುವೆ ಬಹಳ ದಿನಗಳಿಂದ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಸಾವಿರ ರೂಪಾಯಿಯೊಳಗೆ ಸಿಕ್ಕಿದ, ಯಾವ ಕಂಪನಿಯ ಹೆಸರೂ ಇಲ್ಲದ ಅಂಥದೊಂದು ಸ್ಪ್ರಾಕೆಟ್ ಹಾಕಿಸಿ, ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದರಿಂದ ಗಾಡಿಯ ಗರಿಷ್ಠ ವೇಗ ಏರುವುದಿಲ್ಲ, ಮೈಲೇಜೂ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಎಂಜಿನ್ ನೆಮ್ಮದಿಯಾಗಿ ಓಡುವ ವೇಗ ಮಾತ್ರ ಗಂಟೆಗೆ ಆರೇಳು ಕಿಲೋಮೀಟರಿನಷ್ಟು ಮೇಲಕ್ಕೆ ಸರಿಯುತ್ತದೆ. ಆ ಆರೇಳು ಕಿಲೋಮೀಟರಿಗೆ ತೆರಬೇಕಾದ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಕಾಣಿಸುವುದಲ್ಲ.

ಲೆಕ್ಕ ಸರಳ. ಹಿಂದಿನ ಚಕ್ರದ ಒಂದು ಸುತ್ತಿಗೆ ಮುಂದಿನ ಸ್ಪ್ರಾಕೆಟ್ ಎಷ್ಟು ಸುತ್ತಬೇಕೆಂಬುದು ಹಲ್ಲುಗಳ ಭಾಗಾಕಾರದಿಂದ ತಿಳಿಯುತ್ತದೆ. 38ನ್ನು 15ರಿಂದ ಭಾಗಿಸಿದರೆ 2.53, 16ರಿಂದ ಭಾಗಿಸಿದರೆ 2.375, ಅಂದರೆ ಅದೇ ವೇಗಕ್ಕೆ ಎಂಜಿನ್ ಸುತ್ತಬೇಕಾದ ಸುತ್ತು ಶೇ 6.25ರಷ್ಟು ಇಳಿಯುತ್ತದೆ. ನನ್ನ ಗಾಡಿಯಲ್ಲಿ ಐದನೇ ಗೇರಿನಲ್ಲಿ 100ರ ವೇಗಕ್ಕೆ ಸುಮಾರು 5000 ತೋರಿಸುತ್ತಿದ್ದ ಆರ್‌ಪಿಎಂ ಮುಳ್ಳು ಈಗ 4700ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮಿಷಕ್ಕೆ 300 ಸುತ್ತಿನ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸಬಹುದು. ಆದರೆ ಇದು 78 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇರುವ ಒಂಟಿ ಸಿಲಿಂಡರಿನ ಎಂಜಿನ್. ಒಳಗೆ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ನಡುಕ ಪೂರ್ತಿ ಹೋಗುವಂಥದ್ದಲ್ಲ, ಮತ್ತು ಆ ನಡುಕವನ್ನು ಹುಟ್ಟಿಸುವ ಬಲ ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸುತ್ತು ಶೇ 6ರಷ್ಟು ಇಳಿದಾಗ ಬಲ ಶೇ 12ರಷ್ಟು ಇಳಿಯುತ್ತದೆ. ಜೊತೆಗೆ ಈ ಎಂಜಿನ್ ತನ್ನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಆದ 32 ನ್ಯೂಟನ್ ಮೀಟರನ್ನು ಕೊಡುವುದು 4000ದಿಂದ 4500 ಸುತ್ತಿನ ನಡುವೆ. 95ರಲ್ಲಿ ಸಾಗುವಾಗ ಮೊದಲು ಆ ಮಿತಿಯನ್ನು ದಾಟಿರುತ್ತಿದ್ದ ಎಂಜಿನ್ ಈಗ ಅದರೊಳಗೇ ಇರುತ್ತದೆ.

ತುಮಕೂರು ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆಗೆ ಹೊರಟರೆ ಇದರ ಫಲ ಚೆನ್ನಾಗಿ ತಿಳಿಯುತ್ತದೆ. ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಪ್ಲೇಟು ಓದುವಷ್ಟು ಸ್ಥಿರವಾಗಿ ಕಾಣುತ್ತದೆ, ಫುಟ್‌ರೆಸ್ಟಿನಿಂದ ಬೂಟಿನ ಅಟ್ಟೆಗೆ ಬರುತ್ತಿದ್ದ ಜುಮ್ಮೆನ್ನುವಿಕೆ ಕಡಿಮೆಯಾಗಿದೆ. ಮೊದಲು 95 ದಾಟಿದೊಡನೆ ಇನ್ನೊಂದು ಗೇರ್ ಇದೆಯೇನೋ ಎಂದು ಕಾಲು ತಾನಾಗಿ ಲಿವರಿನ ಕೆಳಗೆ ಹೋಗುತ್ತಿತ್ತು. ಆ ಅಭ್ಯಾಸ ಈಗ ತಪ್ಪಿದೆ. ಆದರೆ ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಎದುರುಗಾಳಿ ಬೀಸಿದಾಗ ಐದನೇ ಗೇರಿನಲ್ಲಿ ವೇಗ ಕುಸಿಯತೊಡಗುತ್ತದೆ, ನಾಲ್ಕಕ್ಕೆ ಇಳಿಸಲೇಬೇಕಾಗುತ್ತದೆ, ಇಳಿಸಿದ ಕ್ಷಣ ಉಳಿಸಿದ್ದ ಸುತ್ತೆಲ್ಲ ಬಡ್ಡಿಸಮೇತ ವಾಪಸ್ಸಾಗುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಸ್ಪ್ರಾಕೆಟ್ ಬದಲಿಸಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ಅಷ್ಟೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ ತೆಗೆಯಲು ಥ್ರಾಟಲನ್ನು ಹೆಚ್ಚು ತಿರುಗಿಸಬೇಕು. ಮೈಲೇಜಿನ ಆಸೆಯಿಂದ ಇದನ್ನು ಹಾಕಿಸುವವರಿಗೆ ನಿರಾಸೆಯಾಗುವುದೂ ಇದೇ ಕಾರಣಕ್ಕೆ.

ಬೆಂಗಳೂರು–ಮೈಸೂರು ಮಾರ್ಗದಲ್ಲಿ ಮಾತ್ರ ಓಡಾಡುವವರು ಈ ಖರ್ಚಿಗೆ ಹೋಗುವುದೇ ಬೇಡ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ಪಥಕ್ಕೆ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯ ಉಬ್ಬುಗಳ ನಡುವೆ ಐದನೇ ಗೇರಿಗೆ ಕೆಲಸವೂ ಇಲ್ಲ.

ಇನ್ನು ಘಾಟಿಯ ವಿಚಾರ. ಸುತ್ತು ಇಳಿದಷ್ಟೇ ಹಿಂದಿನ ಚಕ್ರದ ಎಳೆತವೂ ಎಲ್ಲ ಗೇರುಗಳಲ್ಲಿ ಇಳಿಯುತ್ತದೆ. ಉಜಿರೆಯ ಕಡೆಯಿಂದ ಚಾರ್ಮಾಡಿ ಹತ್ತುವಾಗ, ಹಿಂದೆ ಒಬ್ಬರು ಕುಳಿತು ಎರಡೂ ಬದಿಗೆ ಬ್ಯಾಗು ಕಟ್ಟಿದ್ದರೆ, ಮೊದಲು ಎರಡನೇ ಗೇರಿನಲ್ಲಿ ನಿರಾಯಾಸವಾಗಿ ಎಳೆಯುತ್ತಿದ್ದ ತಿರುವುಗಳಲ್ಲಿ ಈಗ ಎಂಜಿನ್ ಏದುಸಿರು ಬಿಡುತ್ತದೆ. ಮೊದಲನೇ ಗೇರಿಗೆ ಇಳಿಸಿದರೆ ಅತಿಯಾಯಿತು, ಎರಡರಲ್ಲೇ ಬಿಟ್ಟರೆ ಸಾಲದು ಎಂಬ ಇಕ್ಕಟ್ಟು. ಪೇಟೆಯ ದಟ್ಟಣೆಯಲ್ಲಿ ತೆವಳುವಾಗಲೂ ಅರ್ಧ ಕ್ಲಚ್ಚಿನ ಕೆಲಸ ಹೆಚ್ಚಿದೆ. ಎರಡು ಕ್ವಿಂಟಾಲಿನ ಹತ್ತಿರ ತೂಗುವ ಗಾಡಿಗೆ ಮೊದಲನೇ ಗೇರಿನ ಎಳೆತವನ್ನು ಕಡಿಮೆ ಮಾಡಿದರೆ ಅದರ ಭಾರ ಬೀಳುವುದು ಕ್ಲಚ್ ಪ್ಲೇಟುಗಳ ಮೇಲೆಯೇ. ಬೆಟ್ಟದ ದಾರಿಗೆಂದು ಕಟ್ಟಿದ ಗಾಡಿಯಿಂದ ಬೆಟ್ಟದ ಗುಣವನ್ನು ಒಂದಿಷ್ಟು ಕಿತ್ತುಕೊಂಡಂತಾಯಿತು ಎಂದು ದೂರುವವರ ಮಾತನ್ನು ಅಲ್ಲಗಳೆಯಲಾರೆ.

ಸ್ಪ್ರಾಕೆಟ್ಟಿನ ತಯಾರಿಕೆ ಬೆಲೆಗೆ ತಕ್ಕಂತಿದೆ. ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ನಡುವಿನ ಸ್ಪ್ಲೈನುಗಳು (ಶಾಫ್ಟಿಗೆ ಕಚ್ಚಿಕೊಳ್ಳುವ ಗೀರುಗಳು) ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದವು, ಆದರೆ ಹಲ್ಲುಗಳ ಅಂಚಿನಲ್ಲಿ ಬೆರಳಿಗೆ ಚುಚ್ಚುವಂಥ ಲೋಹದ ಮುಳ್ಳು ಉಳಿದಿತ್ತು. ಮೆಕ್ಯಾನಿಕ್ ಅದನ್ನು ಅರದಿಂದ ಉಜ್ಜಿ ತೆಗೆದ ಮೇಲೆಯೇ ಜೋಡಿಸಿದರು. ಮೊದಲ ಕೆಲವು ದಿನ ಚೈನಿನ ಸದ್ದು ತುಸು ಹೆಚ್ಚಾಗಿತ್ತು, ಆಮೇಲೆ ಕುಗ್ಗಿತು. ಹಲ್ಲುಗಳು ಈವರೆಗೆ ಕೊಕ್ಕೆಯಂತೆ ಬಾಗಿಲ್ಲ. ಒಂದು ಹಲ್ಲು ಹೆಚ್ಚಾದಾಗ ಚೈನಿನ ಅರ್ಧ ಕೊಂಡಿಯಷ್ಟು ಉದ್ದ ಅದಕ್ಕೆ ಖರ್ಚಾಗುವುದರಿಂದ ಹಿಂದಿನ ಆಕ್ಸಲ್ ಸುಮಾರು 4 ಮಿ.ಮೀ. ಮುಂದೆ ಬರಬೇಕು, ಹೊಸ ಚೈನನ್ನು ಆಗಲೇ ಬಿಗಿಯಾಗಿ ಕೂರಿಸಿದ್ದರೆ ಅಡ್ಜಸ್ಟರಿನಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೂ ಮುಂದೆ ಹೋಗಿ 17 ಹಲ್ಲಿನದನ್ನು ಹಾಕಿಸುವವರೂ ಇದ್ದಾರೆ. ಅದರಲ್ಲಿ ಸುತ್ತು ಶೇ 12ರಷ್ಟು ಇಳಿಯುತ್ತದೆ, 24 ಅಶ್ವಶಕ್ತಿಯ ಈ ಎಂಜಿನ್ನಿಗೆ ಅದು ಹೊರಲಾರದ ಹೊರೆ ಎಂಬುದು ನನ್ನ ಅಭಿಪ್ರಾಯ. ಮುಂದಿನ ಸ್ಪ್ರಾಕೆಟ್ಟಿನ ಕವರಿನೊಳಗೆ ಚೈನಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬ ಪ್ರಶ್ನೆ ಬೇರೆ. ಹಿಂದಿನ ಸ್ಪ್ರಾಕೆಟ್ಟನ್ನು 38ರಿಂದ 36ಕ್ಕೆ ಇಳಿಸಿದರೂ ಹೆಚ್ಚುಕಡಿಮೆ ಮುಂದೆ 16 ಹಲ್ಲು ಹಾಕಿಸಿದಷ್ಟೇ ಪರಿಣಾಮ, ಶೇ 5ಕ್ಕಿಂತ ತುಸು ಹೆಚ್ಚು, ಸಿಗುತ್ತದೆಯಾದರೂ ಖರ್ಚು ಜಾಸ್ತಿ. ಬೇರೆ ಗಾಡಿಗೆ ಇದೇ ಕೆಲಸ ಮಾಡಿಸುವವರು ಸ್ಪೀಡೋಮೀಟರಿಗೆ ವೇಗದ ಲೆಕ್ಕ ಎಲ್ಲಿಂದ ಹೋಗುತ್ತದೆಂದು ವಿಚಾರಿಸಬೇಕು. ಚಕ್ರದಿಂದಾದರೆ ತೊಂದರೆಯಿಲ್ಲ; ಗೇರ್‌ಬಾಕ್ಸಿನಿಂದಾದರೆ ಬದಲಾವಣೆಯ ನಂತರ ಮೀಟರು ಮೊದಲಿಗಿಂತ ಕಡಿಮೆ ವೇಗ ತೋರಿಸುತ್ತದೆ.

ತಿಂಗಳಿಗೆ ಎರಡು ಬಾರಿಯಾದರೂ ಒಬ್ಬರೇ ದೂರದ ಹೆದ್ದಾರಿಗೆ ಹೋಗುವವರು ಇದನ್ನು ಧಾರಾಳವಾಗಿ ಹಾಕಿಸಬಹುದು. ಮಲೆನಾಡಿನಲ್ಲೇ ಇರುವವರಿಗೂ ಸದಾ ಜೋಡಿಯಾಗಿ ತಿರುಗುವವರಿಗೂ ಕಂಪನಿಯ 15 ಹಲ್ಲೇ ಸರಿ. ಸವೆದ ಚೈನಿನ ಜೊತೆ ಹೊಸ ಸ್ಪ್ರಾಕೆಟ್ ಹಾಕಿದರೆ ಅದೂ ಬೇಗ ಸವೆಯುತ್ತದೆ. ಆದ್ದರಿಂದ ಚೈನ್ ಸ್ಪ್ರಾಕೆಟ್ ಕಿಟ್ ಬದಲಿಸುವ ಹೊತ್ತಿಗೇ 16ರದ್ದನ್ನು ಕೇಳಿ ಹಾಕಿಸಿಕೊಂಡರೆ ಕೂಲಿಯೂ ಒಂದೇ ಸಲಕ್ಕೆ ಮುಗಿಯುತ್ತದೆ.