ಟೈಮ್ ಟ್ರಯಲ್ಲೋ, ಸಣ್ಣ ಸರ್ಕ್ಯೂಟ್ ರೇಸೋ?

ಸೈಕಲ್ ರೇಸ್ ನಡೆಸಲು ಸ್ವಯಂಸೇವಕರು ಹತ್ತೇ ಜನ, ಸ್ಪರ್ಧಿಗಳಲ್ಲಿ ಹೊಸಬರೇ ಹೆಚ್ಚು ಅಂದರೆ, ಒಬ್ಬೊಬ್ಬರ ಸಮಯ ಅಳೆದು ಗೆದ್ದವರನ್ನು ನಿರ್ಧರಿಸುವ ಟೈಮ್ ಟ್ರಯಲ್ ವಾಸಿ. 1 ನಿಮಿಷದ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುವುದರಿಂದ ಚಕ್ರಕ್ಕೆ ಚಕ್ರ ತಗುಲಿ ಸಾಲಾಗಿ ಬೀಳುವ ಭಯವಿಲ್ಲ. ಆದರೆ ರಸ್ತೆಯಲ್ಲಿ ವಾಹನಗಳಿದ್ದರೆ ಸ್ಪರ್ಧಿಗಳು ವಾಪಸ್ ತಿರುಗುವ ಯು-ಟರ್ನ್ ಜಾಗವೇ ಗಂಡಾಂತರ. ಅಲ್ಲಿ ಇಬ್ಬರನ್ನು ನಿಲ್ಲಿಸಿ: ಒಬ್ಬರು ಸ್ಪರ್ಧಿಗಳ ನಂಬರ್ ಬರೆದುಕೊಳ್ಳಲಿ, ಇನ್ನೊಬ್ಬರು ವಾಹನ ನೋಡಲಿ. ಎರಡನ್ನೂ ಒಬ್ಬರ ತಲೆಗೇ ಕಟ್ಟಿದರೆ ಕಣ್ಣು ಕಾಗದದ ಮೇಲೇ ಇರುತ್ತದೆ.

ವಾಹನ ಸಂಚಾರ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಸುತ್ತು ಹಾಕುವ 1–2 ಕಿ.ಮೀ. ಸರ್ಕ್ಯೂಟ್‌ನಲ್ಲಿ ಆ ಕಾಟವಿಲ್ಲ, ನೋಡುವವರಿಗೂ ಮಜಾ. ಜನ ಮಾತ್ರ ಜಾಸ್ತಿ ಬೇಕು, ಪ್ರತಿ ಅಡ್ಡರಸ್ತೆಗೂ ಸೀಟಿ, ಬಾವುಟ ಹಿಡಿದ ಒಬ್ಬ ಮಾರ್ಷಲ್. ತಿರುವಿನಲ್ಲಿ ಒಂದು ಹಿಡಿ ಮರಳಿದ್ದರೂ ವಾಲಿದ ಸೈಕಲ್ ಜಾರುತ್ತದೆ. ರೇಸಿಗೆ ಮುಂಚೆ ಪೊರಕೆ ಹಿಡಿದು ಗುಡಿಸಲೇಬೇಕು. ಕೊನೆಯ ತಿರುವಿನಿಂದ ಫಿನಿಶ್ ಗೆರೆಗೆ ಕನಿಷ್ಠ 200 ಮೀಟರ್ ನೇರ ರಸ್ತೆ ಇರಲಿ. ಒಂದು ಸುತ್ತು ಹಿಂದೆ ಬಿದ್ದವರನ್ನು ಕೊನೆಯ ಸ್ಪ್ರಿಂಟ್‌ಗೆ ಮುಂಚೆಯೇ ಹೊರಗೆ ಕರೆಯಿರಿ.