ಒಂದೇ ಕಾದಂಬರಿ, ಮೂರು ದಾರಿ: ಆ್ಯಪ್‌ನ ಕಂತು, ಬೇಡಿಕೆಯ ಮುದ್ರಣ, ಗದಗಿನ ಆಫ್‌ಸೆಟ್

ಕನ್ನಡದಲ್ಲಿ ಮೊದಲ ಸಲ ಫ್ಯಾಂಟಸಿ ಕಾದಂಬರಿ ಬರೆದು ಪ್ರಕಾಶಕರ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಪುಟ ಎಷ್ಟು ಅಂತ. ಕಥೆಯ ಮಾತು ಆಮೇಲೆ. ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹೆಸರೇ ಕೇಳಿರದ ಲೇಖಕರ 120 ಪುಟದ ಕಥಾಸಂಕಲನಕ್ಕೆ ಹಾಕುವ ದುಡ್ಡು ಬೇರೆ, 320 ಪುಟದ ಕಾದಂಬರಿಗೆ ಹಾಕುವ ದುಡ್ಡು ಬೇರೆ. ಆದರೆ ಇಲ್ಲದ ಒಂದು ಲೋಕವನ್ನು ಕಟ್ಟಿ ಓದುವವರನ್ನು ಅದರೊಳಗೆ ಕರೆದೊಯ್ಯಲು ಜಾಗ ಬೇಕೇ ಬೇಕು. ಹಾಗಾಗಿ ಸ್ವಂತ ಪ್ರಕಟಣೆಗೆ ಇಳಿದೆ. ಅದೇ ಕಾದಂಬರಿಯನ್ನು ಮೊದಲು ಆ್ಯಪ್‌ನಲ್ಲಿ ಕಂತುಗಳಾಗಿ, ಆಮೇಲೆ ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ಆನ್‌ಲೈನ್ ಸೇವೆಯಲ್ಲಿ, ಕೊನೆಗೆ ಪ್ಲೇಟು ಮಾಡಿ ಒಂದೇ ಸಲಕ್ಕೆ ನೂರಾರು ಪ್ರತಿ ಅಚ್ಚು ಹಾಕುವ ಆಫ್‌ಸೆಟ್ ಪ್ರೆಸ್ಸಿನಲ್ಲಿ ತಂದೆ. ಕೊಪ್ಪಳದಂಥ ಜಿಲ್ಲೆಯಲ್ಲಿ ಕೂತು ಬರೆಯುವವರಿಗೆ ಈ ಮೂರೂ ಏನು ಕೊಡುತ್ತವೆ, ಬದಲಿಗೆ ಏನು ಕೇಳುತ್ತವೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಕಾದಂಬರಿ ಎಂಥದು ಎಂದು ಮೊದಲು ಹೇಳಬೇಕು, ಏಕೆಂದರೆ ಆಯ್ಕೆ ಅದರ ಮೇಲೇ ನಿಂತಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ಕಬ್ಬಿಣ ಯುಗದ ಜನ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಶಿಲಾಸಮಾಧಿಗಳಿವೆ. 2021ರಲ್ಲಿ ಆ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ನಮ್ಮ ಕಡೆ ಅದಕ್ಕೆ ಮೋರ್ಯರ ಗುಡ್ಡ ಅನ್ನುತ್ತಾರೆ. ಮೋರ್ಯರು ಗಿಡ್ಡ ಜನ, ಆ ಕಲ್ಲಿನ ಮನೆಗಳಲ್ಲಿ ಬಾಳಿದವರು ಎಂಬುದು ಹಿರಿಯರ ಬಾಯಲ್ಲಿ ಬಂದ ಮಾತು. ಬಂಡೆಯ ನೆತ್ತಿಯಲ್ಲಿ ನಗಾರಿಯ ಆಕಾರದ ಗುಂಡುಕಲ್ಲೊಂದಿದೆ, ಬಡಿದರೆ ದೂರದವರೆಗೆ ಕೇಳುತ್ತದೆ. ನನ್ನ ಕಥೆ ಆ ನಗಾರಿ ತಾನಾಗಿ ಮೊಳಗಿದ ರಾತ್ರಿಯಿಂದ ಶುರುವಾಗುತ್ತದೆ. ಆ ಗುಡ್ಡವನ್ನು ದಿನಾ ನೋಡುವ ಜನ ಇದನ್ನು ಓದಬೇಕು ಎಂಬ ಆಸೆ ಮೊದಲಿನಿಂದಲೂ ಇತ್ತು. ದೂರದ ಓದುಗರೂ ಬೇಕು, ಆದರೆ ಎರಡನೆಯದಾಗಿ.

ಆ್ಯಪ್‌ನಲ್ಲಿ ಕಂತು

ಕನ್ನಡದಲ್ಲಿ ಕಂತು ಕಂತಾಗಿ ಬರೆಯಲು ಎಲ್ಲರಿಗೂ ಗೊತ್ತಿರುವ ಜಾಗ ಪ್ರತಿಲಿಪಿ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಹಲವು ಭಾರತೀಯ ಭಾಷೆಗಳಲ್ಲಿದೆ. ಖಾತೆ ತೆರೆಯಲು, ಪ್ರಕಟಿಸಲು ಖರ್ಚಿಲ್ಲ. ಮೊಬೈಲಿನಲ್ಲೇ ಯೂನಿಕೋಡ್ (ಯಾವ ಮೊಬೈಲು, ಕಂಪ್ಯೂಟರಿನಲ್ಲೂ ಓದಬರುವ ಅಕ್ಷರ ಸಂಕೇತ) ಕನ್ನಡದಲ್ಲಿ ಟೈಪ್ ಮಾಡಿದರೆ ಸಾಕು, ಅಧ್ಯಾಯ ಹೊರಗೆ ಬಂದ ಸಂಜೆಯೇ ಯಾರೋ ಓದಿ ಮಾತಾಡುತ್ತಾರೆ.

ಆ ಮಾತುಗಳೇ ಈ ದಾರಿಯ ನಿಜವಾದ ಸಂಪತ್ತು. ಯಾವ ಸಂಪಾದಕರಿಗೂ ದುಡ್ಡು ಕೊಟ್ಟು ಪಡೆಯಲಾಗದ ಒಂದು ಸಂಗತಿ ಇಲ್ಲಿ ಕಣ್ಣಿಗೆ ಕಾಣುತ್ತದೆ: ಓದುವವರು ಯಾವ ಅಧ್ಯಾಯದಲ್ಲಿ ಕೈಬಿಟ್ಟರು ಅನ್ನುವುದು. ಮೂರನೇ ಕಂತಿನಲ್ಲಿ ಐದು ಕುಲಗಳ ಹೆಸರು ಒಟ್ಟಿಗೆ ಬರುತ್ತಿತ್ತು, ಅಲ್ಲಿಗೆ ಓದುಗರ ಸಂಖ್ಯೆ ಕುಸಿಯುತ್ತಿತ್ತು. ಪುಸ್ತಕದಲ್ಲಿ ಆ ಐದನ್ನೂ ನೂರು ಪುಟಗಳಲ್ಲಿ ಹರಡಿದೆ. ಮಾತುಕತೆಗಳಲ್ಲಿ ನಮ್ಮ ಕಡೆಯ ಭಾಷೆ ಇಟ್ಟಿದ್ದೆ, 'ಎಲ್ಲಿಗೆ ಹೊಂಟಿ', 'ಯಾಕ್ ಸುಮ್ನ ಕುಂತಿ' ಅನ್ನುವ ಧಾಟಿ. ಮೈಸೂರು, ಮಂಗಳೂರು ಕಡೆಯವರು ಒಂದೆರಡು ಕಂತು ತಡವರಿಸಿ ಆಮೇಲೆ ಒಗ್ಗಿಕೊಂಡರು. ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಕಡೆಯವರು ಅದಕ್ಕಾಗಿಯೇ ಓದಿದರು. ಆ ಭಾಷೆ ತೆಗೆಯಬಾರದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಕೊರತೆಯೂ ಇದೆ. ಕಂತಿನ ಓದು ಪ್ರತಿ ಅಧ್ಯಾಯದ ಕೊನೆಗೆ ಒಂದು ಜೋರು ತಿರುವು ಕೇಳುತ್ತದೆ. ಬೆಟ್ಟ, ಬಂಡೆ, ಬೆಳದಿಂಗಳ ವರ್ಣನೆ ಹಿಡಿದು ಕೂರುವ ತಾಳ್ಮೆ ಮೊಬೈಲಿನ ಓದಿನಲ್ಲಿ ಕಡಿಮೆ. ನಾನು ಪ್ರೀತಿಯಿಂದ ಮಾಡಿಸಿದ ನಕ್ಷೆ ಅಂಗೈ ಅಗಲದ ಪರದೆಯಲ್ಲಿ ಯಾರಿಗೂ ಓದಲಾಗಲಿಲ್ಲ. ಹಣದ ಮಾತು ಹೇಳುವುದಾದರೆ, ಹೊಸಬರು ಇದನ್ನು ಆದಾಯ ಎಂದು ಲೆಕ್ಕ ಹಿಡಿಯದಿರುವುದು ಒಳ್ಳೆಯದು. ಕೃತಿ ಕದ್ದಾರು ಎಂಬ ಅಂಜಿಕೆ ಹಲವರಿಗೆ. 1957ರ ಕಾಪಿರೈಟ್ ಕಾಯ್ದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ದಿನಾಂಕ ಸಹಿತ ಪ್ರಕಟವಾದ ಕಂತು ನಾಳೆ ಒಂದು ಪುರಾವೆಯೂ ಆಗುತ್ತದೆ.

ಬೇಡಿಕೆ ಬಂದಷ್ಟೇ ಅಚ್ಚು

ಬೆಂಗಳೂರಿನ ಪೋಥಿ ಡಾಟ್ ಕಾಮ್, ಚೆನ್ನೈನ ನೋಷನ್ ಪ್ರೆಸ್ ಮೊದಲಾದ ಸಂಸ್ಥೆಗಳು ಪ್ರಿಂಟ್ ಆನ್ ಡಿಮಾಂಡ್ ಅನ್ನುವ ಈ ವ್ಯವಸ್ಥೆ ನಡೆಸುತ್ತವೆ. ಒಳಪುಟಗಳ ಪಿಡಿಎಫ್, ಮುಖಪುಟದ ಪಿಡಿಎಫ್ ಕಳಿಸಿ ಬೆಲೆ ನಿಗದಿ ಮಾಡಿದರೆ ಆಯಿತು, ಯಾರಾದರೂ ಕೊಂಡಾಗ ಒಂದೇ ಪ್ರತಿ ಅಚ್ಚಾಗಿ ಅವರ ಮನೆಗೆ ಹೋಗುತ್ತದೆ. ಮನೆಯಲ್ಲಿ ಪುಸ್ತಕದ ಕಟ್ಟು ಇಡಬೇಕಿಲ್ಲ, ಕೈಯಿಂದ ಬಂಡವಾಳ ಹೋಗುವುದಿಲ್ಲ. ಅಚ್ಚಿನ ತಪ್ಪು ಸಿಕ್ಕರೆ ಪಿಡಿಎಫ್ ತಿದ್ದಿ ಹಾಕಿದರೆ ಮುಂದಿನ ಪ್ರತಿಯಲ್ಲಿ ಸರಿ. ಇದರಷ್ಟು ನೆಮ್ಮದಿಯ ವ್ಯವಸ್ಥೆ ಇನ್ನೊಂದಿಲ್ಲ, ಪುಸ್ತಕ ತೆಳ್ಳಗಿದ್ದರೆ.

ಪುಸ್ತಕ ದಪ್ಪಗಾದಂತೆ ಲೆಕ್ಕ ಬದಲಾಗುತ್ತದೆ. ಇಲ್ಲಿ ಪ್ರತಿ ಪುಟಕ್ಕೂ ಇಷ್ಟು ಎಂದು ಖರ್ಚು, ನೂರು ಪ್ರತಿ ಹೋದರೂ ಅದು ಹೆಚ್ಚು ಇಳಿಯುವುದಿಲ್ಲ. ಆಫ್‌ಸೆಟ್‌ನಲ್ಲಾದರೆ ಪ್ಲೇಟು, ಯಂತ್ರದ ಸಿದ್ಧತೆಯ ಖರ್ಚು ಒಂದೇ ಸಲ. ಪ್ರತಿ ಹೆಚ್ಚಿದಂತೆ ಅದು ಹಂಚಿಹೋಗುತ್ತದೆ. ನನ್ನ 320 ಪುಟಕ್ಕೆ ಬೇಡಿಕೆಯ ಮುದ್ರಣದಲ್ಲಿ ಅಂಚೆ ಸೇರಿ ಓದುಗರಿಗೆ ಬಿದ್ದ ಬೆಲೆ 400 ರೂಪಾಯಿ ದಾಟಿತು, ಅದೂ ನನ್ನ ಪಾಲನ್ನು ತೀರಾ ಕಡಿಮೆ ಇಟ್ಟುಕೊಂಡಾಗ. ಅದೇ ಪುಸ್ತಕ 500 ಪ್ರತಿ ಆಫ್‌ಸೆಟ್ ಮಾಡಿಸಿದಾಗ ಮುಖಬೆಲೆ 300 ರೂಪಾಯಿಗೆ ನಿಂತಿತು. ಹೊಸ ಹೆಸರಿನ ಕಾದಂಬರಿಗೆ ಕಾಲೇಜು ಹುಡುಗರು 300 ಕೊಡಲೇ ಎರಡು ಸಲ ಯೋಚಿಸುತ್ತಾರೆ, 400 ಅಂದರೆ ಮಾತೇ ಮುಗಿಯಿತು. ಅಂಗಡಿಯವರಿಗೆ ರಿಯಾಯಿತಿ ಕೊಡಲೂ ಆ ಬೆಲೆಯಲ್ಲಿ ಜಾಗವಿಲ್ಲ.

ಇನ್ನೊಂದು ವಿಷಯ ಬೈಂಡಿಂಗ್. ನನಗೆ ಬಂದ ಪ್ರತಿಗಳೆಲ್ಲ ಬರೀ ಅಂಟಿನವು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆ, ದಪ್ಪ ಪುಸ್ತಕವನ್ನು ಅಗಲಿಸಿ ಓದಿ, ಕೈಯಿಂದ ಕೈಗೆ ದಾಟಿಸಿದರೆ ಅಂಟಿನ ಬೆನ್ನು ಬಿಟ್ಟುಕೊಳ್ಳುತ್ತದೆ. ಗ್ರಂಥಾಲಯಕ್ಕೆ ಕೊಡುವ ಪುಸ್ತಕಕ್ಕಂತೂ ಹೊಲಿಗೆ ಬೇಕು.

ಆಫ್‌ಸೆಟ್

ಮುದ್ರಣಕ್ಕೆ ಹೆಸರಾದ ಗದಗ ನಮಗೆ ರೈಲಿನಲ್ಲಿ ಹತ್ತಿರದ ಊರು. ಅಲ್ಲಿನ ಪ್ರೆಸ್ಸಿನವರು ಎದುರು ಕೂರಿಸಿಕೊಂಡು ಕಾಗದ ಮುಟ್ಟಿಸಿ ತೋರಿಸುತ್ತಾರೆ. ಡೆಮಿ 1/8 ಆಕಾರದಲ್ಲಿ ಒಟ್ಟಿಗೆ ಅಚ್ಚಾಗಿ ಮಡಚುವ 16 ಪುಟಕ್ಕೆ ಒಂದು ಫಾರಂ, ನನ್ನದು 20 ಫಾರಂ. ಪುಟ 324 ಆಗಿದ್ದರೆ ಆ ನಾಲ್ಕು ಪುಟಕ್ಕಾಗಿ ಇನ್ನೊಂದು ಪ್ಲೇಟಿನ ಕೆಲಸ ಬೀಳುತ್ತದೆ, ಆದ್ದರಿಂದ ಅಕ್ಷರ ಜೋಡಣೆಯ ಹಂತದಲ್ಲೇ ಫಾರಂ ಲೆಕ್ಕಕ್ಕೆ ಕೂರಿಸುವುದು ಜಾಣತನ. ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಮ್ಯಾಪ್‌ಲಿಥೋ, ಮುಖಪುಟ 300 ಜಿಎಸ್‌ಎಂ ಆರ್ಟ್ ಕಾರ್ಡ್, ಫಾರಂಗಳಿಗೆ ಹೊಲಿಗೆ ಹಾಕಿ ಮೇಲೆ ಅಂಟು. ಹೊಲಿಗೆಗೆ ಪ್ರತಿಗೆ ಕೆಲವೇ ರೂಪಾಯಿ ಹೆಚ್ಚು. ಅದನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ದಾರಿಯಲ್ಲಿ ಹೆಚ್ಚು ಬೆವರು ಹರಿಯುವುದು ಅಕ್ಷರದಲ್ಲಿ. ಆ್ಯಪ್‌ಗೆ ಬರೆದದ್ದೆಲ್ಲ ಯೂನಿಕೋಡ್. ನಮ್ಮ ಕಡೆಯ ಬಹಳಷ್ಟು ಡಿಟಿಪಿಯವರು, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವರು, ಈಗಲೂ ಹಳೆಯ ನುಡಿ ಫಾಂಟಿನಲ್ಲಿ, ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಲ್ಲಿ ಕೆಲಸ ಮಾಡುತ್ತಾರೆ. ಹಳೆಯ ನುಡಿಯಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂತಿರುತ್ತವೆ. ಯೂನಿಕೋಡಿನಿಂದ ಅದಕ್ಕೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಉದ್ಧರಣ ಚಿಹ್ನೆಗಳು ಮಾಯವಾಗುತ್ತವೆ, ಮೂರು ವ್ಯಂಜನ ಸೇರಿದ ಒತ್ತಕ್ಷರಗಳು ಒಡೆಯುತ್ತವೆ. ಸಾಮಾಜಿಕ ಕಾದಂಬರಿಯಲ್ಲಿ ಇಂಥ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ, ಏಕೆಂದರೆ ಪದಗಳು ಪರಿಚಿತ. ಫ್ಯಾಂಟಸಿಯಲ್ಲಿ ಊರು, ಕುಲ, ಆಯುಧಗಳ ಹೆಸರುಗಳೆಲ್ಲ ಕಲ್ಪಿತ. ಪ್ರೂಫ್ ನೋಡುವವರಿಗೆ ತಪ್ಪು ಯಾವುದು, ಲೇಖಕರು ಬೇಕೆಂದೇ ಬರೆದದ್ದು ಯಾವುದು ಗೊತ್ತಾಗುವುದಿಲ್ಲ. ನಾನು ಎಲ್ಲ ಕಲ್ಪಿತ ಹೆಸರುಗಳನ್ನೂ ಅಕಾರಾದಿಯಾಗಿ ಬರೆದು, ಕರಡು ತಿದ್ದಿಕೊಟ್ಟ ನಿವೃತ್ತ ಕನ್ನಡ ಮೇಷ್ಟ್ರ ಕೈಗೆ ಕೊಟ್ಟಿದ್ದೆ. ಅವರು ಆ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಓದಿದರು. 'ಈ ಹೆಸರು ಎರಡು ತರ ಬಂದೈತಿ, ಯಾವುದು ಇಟಗೊಳ್ಳೋಣು?' ಎಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಫ್ಯಾಂಟಸಿ ಬರೆಯುವ ಪ್ರತಿಯೊಬ್ಬರೂ ಈ ಪಟ್ಟಿ ಮಾಡಲೇಬೇಕು. ಇನ್‌ಡಿಸೈನ್ ಎಂಬ ಪುಟ ಜೋಡಣೆಯ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡವನ್ನೇ ನೇರ ಜೋಡಿಸಿಕೊಡುವವರು ಸಿಕ್ಕರೆ ಅರ್ಧ ಕಷ್ಟ ಅಲ್ಲೇ ತೀರುತ್ತದೆ. ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡದಂಥ ಫಾಂಟುಗಳು ಉಚಿತ, ಪುಸ್ತಕದಲ್ಲಿ ಬಳಸಲು ಪರವಾನಗಿಯ ತೊಡಕಿಲ್ಲ.

ಮುಖಪುಟಕ್ಕೆ ಕಂಪ್ಯೂಟರಿನ ಸಿದ್ಧ ಚಿತ್ರಗಳನ್ನು ಬೇಡವೆಂದೆ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದ ಗೊಂಬೆಗೆ ಬಣ್ಣ ಹಾಕುವ ಕುಶಲಕರ್ಮಿಗಳಿದ್ದಾರೆ. ಅವರಲ್ಲೊಬ್ಬರು ಮೋರ್ಯರ ನಗಾರಿಯನ್ನು ತಮ್ಮ ಸಂಪ್ರದಾಯದ ಕಡು ಕೆಂಪು, ಹಳದಿ, ಹಸಿರಿನಲ್ಲಿ ಬರೆದುಕೊಟ್ಟರು. ಪರದೆಯ ಮೇಲೆ ಕಾಣುವ ಆ ಕೆಂಪು ಅಚ್ಚಿನ ನಾಲ್ಕು ಬಣ್ಣಗಳಲ್ಲಿ ಮಂಕಾಗುತ್ತದೆ. ಆಫ್‌ಸೆಟ್‌ನಲ್ಲಿ ಯಂತ್ರದ ಪಕ್ಕ ನಿಂತು ಬಣ್ಣದ ಪ್ರೂಫ್ ನೋಡಿ 'ಇನ್ನೂ ಸ್ವಲ್ಪ ಏರಿಸಿ' ಎನ್ನಬಹುದು, ದೂರದ ಸೇವೆಯಲ್ಲಿ ಆ ಅವಕಾಶವಿಲ್ಲ. ನಕ್ಷೆಯೂ ಎರಡು ಪುಟ ಅಗಲಕ್ಕೆ ಹರಡಿ ಬಂತು.

ಮಾರಾಟ ಪೂರ್ತಿ ನಮ್ಮ ಹೆಗಲಿಗೆ. ಗಂಗಾವತಿ, ಕೊಪ್ಪಳದ ಪುಸ್ತಕದಂಗಡಿಗಳಲ್ಲಿ ಹೆಚ್ಚು ಜಾಗ ಪಠ್ಯಪುಸ್ತಕ, ಸ್ಪರ್ಧಾ ಪರೀಕ್ಷೆಯ ಗೈಡುಗಳಿಗೆ. ನಾನು ಕೇಳಿದ ವಿತರಕರು ಶೇ 40ರ ಆಸುಪಾಸು ರಿಯಾಯಿತಿ ಬೇಕೆಂದರು. ನನಗೆ ಹೆಚ್ಚು ಪ್ರತಿ ಹೋದದ್ದು ಕಾಲೇಜುಗಳ ಕನ್ನಡ ವಿಭಾಗಗಳಲ್ಲಿ, ಜನವರಿಯ ಗವಿಮಠದ ಜಾತ್ರೆಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ವಿಳಾಸ ಕಳಿಸಿ ಫೋನ್‌ಪೇ ಮಾಡಿದವರಿಗೆ. ಅಂಚೆ ಖರ್ಚು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಪುಸ್ತಕದವರಿಗೆ ಆಸರೆಯಾಗಿದ್ದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು, ಇದು ಸಣ್ಣ ಪ್ರಕಾಶಕರಿಗೆಲ್ಲ ಬಿದ್ದ ಪೆಟ್ಟು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಆನ್‌ಲೈನ್ ಅರ್ಜಿಗೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಸ್ವಂತ ಹೆಸರಿನಲ್ಲಿ ಪಡೆಯಬಹುದು. ಬೇರೆ ಸಂಸ್ಥೆಯ ಐಎಸ್‌ಬಿಎನ್ ಬಳಸಿದರೆ ದಾಖಲೆಯಲ್ಲಿ ಪ್ರಕಾಶಕರು ಅವರಾಗುತ್ತಾರೆ. ಪ್ರಕಾಶಕರು ನೀವೇ ಆದರೆ 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ, ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. 18ರಿಂದ 35 ವರ್ಷದೊಳಗಿನವರು ಅಚ್ಚಿಗೆ ಹೋಗುವ ಮೊದಲೇ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಬಂದಿದೆಯೇ ನೋಡಿಕೊಳ್ಳಿ. ನನಗೆ ಆ ವಯಸ್ಸು ದಾಟಿತ್ತು.

ಇ-ಪುಸ್ತಕದ ಬಗ್ಗೆ ಎರಡೇ ಮಾತು. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಇ-ಪುಸ್ತಕ ಸೇವೆ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಬಂದವು, ಕನ್ನಡ ಬರಲಿಲ್ಲ. ಇಂಗ್ಲಿಷಿನಲ್ಲಿ ಫ್ಯಾಂಟಸಿ ಬರೆಯುವವರಿಗೆ ಸಿಗುವ ಸಲಹೆಗಳು ಹೆಚ್ಚಾಗಿ ಕಿಂಡಲ್ ಸುತ್ತಲೇ ಇರುವುದರಿಂದ ಅವನ್ನು ಹಾಗೇ ಇಲ್ಲಿಗೆ ತರಲಾಗದು. ಕನ್ನಡಕ್ಕೆ ಇ-ಪುಸ್ತಕ ಮಾರುವ ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಇವೆ. ವಿದೇಶದಲ್ಲಿರುವ ಕನ್ನಡಿಗರಿಗೆ ತಲುಪಲು ಅದೇ ಸುಲಭದ ದಾರಿ.

ನನ್ನ ತೀರ್ಮಾನ ಹೀಗೆ. ಕಾದಂಬರಿ ಇನ್ನೂ ಹದಕ್ಕೆ ಬಂದಿಲ್ಲ ಅನಿಸುತ್ತಿದ್ದರೆ ಆ್ಯಪ್‌ಗಿಂತ ಒಳ್ಳೆಯ ಗರಡಿಮನೆ ಇಲ್ಲ. ಪುಸ್ತಕ 150 ಪುಟದೊಳಗಿದ್ದು ಓದುಗರು ನಾಡಿನ ತುಂಬ ಹಂಚಿಕೊಂಡಿದ್ದರೆ ಬೇಡಿಕೆಯ ಮುದ್ರಣ ಸಾಕು. 300 ಪುಟ ದಾಟಿ, ನಿಮ್ಮ ಊರಿನ ಸುತ್ತಲೇ ಓದುವ ಕೈಗಳಿವೆ ಎಂಬ ಭರವಸೆಯಿದ್ದರೆ, ಕೂಡಿಟ್ಟ ಹಣ ಹಾಕಿ ಆಫ್‌ಸೆಟ್ ಮಾಡಿಸಿ. ಹಿರೇಬೆಣಕಲ್ಲಿನ ಶಾಲೆಯ ಹುಡುಗರು ನಕ್ಷೆಯಲ್ಲಿ ತಮ್ಮ ಹಳ್ಳದ ಹೆಸರು ಹುಡುಕಿದ್ದು ಕಾಗದದ ಪುಸ್ತಕದಲ್ಲಿ. ಬೇರೆ ಎರಡು ದಾರಿಗಳಲ್ಲಿ ಅವರ ತನಕ ನಾನು ಹೋಗುತ್ತಿರಲಿಲ್ಲ.

ಈಗ ಎರಡನೇ ಭಾಗ ಆ್ಯಪ್‌ನಲ್ಲಿ ಕಂತಾಗಿ ಬರುತ್ತಿದೆ. ಅಚ್ಚಿಗೆ ಹೋಗುವಾಗ 256 ಪುಟ, ಅಂದರೆ 16 ಫಾರಂ ಮೀರದಂತೆ ಬರೆಯುತ್ತಿದ್ದೇನೆ. ಮೊದಲ ಭಾಗದ ಆಫ್‌ಸೆಟ್ ಪ್ರತಿ ತೀರಿದ ಮೇಲೆ ಅದನ್ನು ಬೇಡಿಕೆಯ ಮುದ್ರಣದಲ್ಲಿ ಉಳಿಸಿಕೊಳ್ಳುತ್ತೇನೆ, ತಡವಾಗಿ ಕೇಳಿ ಬಂದವರಿಗೆ ಇಲ್ಲ ಅನ್ನಬಾರದಲ್ಲ.